ಪಿಎಲ್‌ಎಗೆ ನ್ಯಾನೋಟ್ಯೂಬ್ ಬೆರೆಸಿ 3ಡಿ ಪ್ರಿಂಟ್ ಮಾಡುವುದು: ಗಂಟಾಗದಂತೆ, ನಾಝಲ್ ಕಟ್ಟದಂತೆ

ಏಪ್ರಿಲ್ ಬಂತೆಂದರೆ ದಾವಣಗೆರೆಯ ನನ್ನ ಪ್ರಿಂಟಿಂಗ್ ಅಂಗಡಿಗೆ ಒಂದೇ ತರಹದ ಗಿರಾಕಿಗಳು. ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್ ಹುಡುಗರು. ಕೈಯಲ್ಲಿ ಕರ್ರಗಿನ ಫಿಲಮೆಂಟ್ (ಪ್ರಿಂಟರ್‌ಗೆ ಉಣಿಸುವ ಪ್ಲಾಸ್ಟಿಕ್ ಎಳೆ) ಸುರುಳಿ, ಜೇಬಿನಲ್ಲಿ ಕಟ್ಟಿಹೋದ ನಾಝಲ್, ಅಂದರೆ ಕರಗಿದ ಪ್ಲಾಸ್ಟಿಕ್ ಹೊರಬರುವ ಪ್ರಿಂಟರ್‌ನ ಬಾಯಿ. "ಸಾರ್, ಮತ್ತೆ ಬ್ಲಾಕ್ ಆತು. ಟೆಂಪರೇಚರ್ ಎಷ್ಟಿಡ್ಬೇಕು?"

ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಪೆಲೆಟ್, ಅಂದರೆ ಪ್ಲಾಸ್ಟಿಕ್ ಕಾಳು, ಎಷ್ಟು ಹೊತ್ತು ಒಣಗಿಸಿದಿರಿ? ಏನೂ ಬೆರೆಸದ ಸಾದಾ ಪಿಎಲ್‌ಎಯನ್ನು (3ಡಿ ಪ್ರಿಂಟಿಂಗ್‌ನ ಮಾಮೂಲಿ ಪ್ಲಾಸ್ಟಿಕ್) ಇದೇ ಮಷಿನ್‌ನಲ್ಲಿ ಎಳೆದು ನೋಡಿದಿರಾ? ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಲ್ಲಿಗೆ ಗೊತ್ತಾಗುತ್ತದೆ: ಕೆಲಸ ಪ್ರಿಂಟರ್ ಹತ್ತಿರ ಬರುವ ಮೊದಲೇ ಕೆಟ್ಟಿದೆ. ತಾಪಮಾನ 5 ಡಿಗ್ರಿ ಏರಿಸಿ, 5 ಡಿಗ್ರಿ ಇಳಿಸಿ ಅದನ್ನು ಸರಿಮಾಡಲಾಗದು.

ಇಲ್ಲಿ ಬರೆದಿರುವುದು ಪಿಎಲ್‌ಎ ಪ್ಲಾಸ್ಟಿಕ್‌ಗೆ ಬಹುಪದರದ ಕಾರ್ಬನ್ ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ) ಬೆರೆಸಿ, ಫಿಲಮೆಂಟ್ ಎಳೆದು, ಮಾಮೂಲಿ ಎಫ್‌ಡಿಎಂ (ಪ್ಲಾಸ್ಟಿಕ್ ಎಳೆ ಕರಗಿಸಿ ಪದರಪದರವಾಗಿ ಹಾಕುವ) ಪ್ರಿಂಟರ್‌ನಲ್ಲಿ ಪ್ರಿಂಟ್ ತೆಗೆಯುವ ಕ್ರಮ. ಗ್ರಾಫೀನ್, ನ್ಯಾನೋ ಸಿಲಿಕಾ, ನ್ಯಾನೋ ಕ್ಲೇ ಬಳಸುವವರಿಗೂ ಹಂತಗಳು ಇವೇ. ರೆಸಿನ್ ಪ್ರಿಂಟರ್ (ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವಂಥದ್ದು) ಇರುವವರಿಗೆ ಕೊನೆಯಲ್ಲಿ ಬೇರೆ ನಾಲ್ಕು ಮಾತಿದೆ.

ಏನೇನು ಬೇಕು

0.01 ಗ್ರಾಂವರೆಗೆ ತೋರಿಸುವ ತಕ್ಕಡಿ. ತಾಪಮಾನ ನಿಲ್ಲಿಸಿ ಹಿಡಿಯುವ ಓವನ್ ಅಥವಾ ಫಿಲಮೆಂಟ್ ಡ್ರೈಯರ್. ಅಡುಗೆಮನೆಯ ಓವನ್ ಬೇಡ, ಅದು 50 ಅಂದರೆ 70ಕ್ಕೆ ಹೋಗಿ ಬರುತ್ತದೆ, ಮೇಲಾಗಿ ಆಮೇಲೆ ಅದರಲ್ಲಿ ತಿನ್ನುವುದನ್ನು ಬೇಯಿಸುವಂತಿಲ್ಲ. ಪೆಲೆಟ್ ಕರಗಿಸಿ ಎಳೆಯಾಗಿ ತಳ್ಳುವ ಫಿಲಮೆಂಟ್ ಎಕ್ಸ್‌ಟ್ರೂಡರ್. ದಪ್ಪ ಅಳೆಯುವ ಡಿಜಿಟಲ್ ಕ್ಯಾಲಿಪರ್. 0.6 ಮಿ.ಮೀ. ನಾಝಲ್, ಸಾಧ್ಯವಿದ್ದರೆ ಗಟ್ಟಿ ಉಕ್ಕಿನದು. ಗಾಜಿನ ಸ್ಲೈಡ್ ಒಂದು ಡಬ್ಬಿ, ಒಂದು ಹಾಟ್‌ಪ್ಲೇಟ್, ಕಾಲೇಜು ಲ್ಯಾಬಿನ ಸಾಧಾರಣ ಸೂಕ್ಷ್ಮದರ್ಶಕ. ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್, ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ. ಒಂದು ನೋಟ್‌ಬುಕ್ಕೂ ಬೇಕು. ಯಾವ ಬ್ಯಾಚ್ ಯಾವ ದಿನ ಎಷ್ಟು ಹೊತ್ತು ಒಣಗಿತು ಎಂದು ಬರೆಯದವರು ಮೂರನೇ ವಾರದಲ್ಲಿ ಪೂರ್ತಿ ದಾರಿ ತಪ್ಪಿರುತ್ತಾರೆ.

ಸಮಯ ಕನಿಷ್ಠ ಎರಡು ವಾರ ಇಟ್ಟುಕೊಳ್ಳಿ. ರಿವ್ಯೂಗೆ ನಾಲ್ಕು ದಿನ ಇದೆ ಎಂದು ಬಂದವರಿಗೆ ನಾನು ಸಾದಾ ಪಿಎಲ್‌ಎಯಲ್ಲೇ ಬೇರೆ ಪ್ರಾಜೆಕ್ಟ್ ಮಾಡಿ ಎನ್ನುತ್ತೇನೆ.

ಹಂತ 1: ಯಾವ ಗುಣಕ್ಕಾಗಿ, ಎಷ್ಟು ಬೆರೆಸಬೇಕು?

"ಸ್ಟ್ರೆಂತೂ ಬೇಕು, ಕರೆಂಟೂ ಹರೀಬೇಕು" ಎಂದು ಹೊರಟರೆ ಎರಡೂ ಸಿಗುವುದಿಲ್ಲ. ಬಲ ಹೆಚ್ಚಿಸಬೇಕಿದ್ದರೆ ತೂಕದಲ್ಲಿ ಶೇ 0.5ರಿಂದ 1ರೊಳಗೆ ನಿಲ್ಲಿ. ವಿದ್ಯುತ್ ಹರಿಯಬೇಕಿದ್ದರೆ ಟ್ಯೂಬ್‌ಗಳು ಒಂದಕ್ಕೊಂದು ತಗುಲಿ ಈ ತುದಿಯಿಂದ ಆ ತುದಿಗೆ ಸರಪಳಿ ಆಗಬೇಕು, ಅದಕ್ಕೆ ಸಾಮಾನ್ಯವಾಗಿ ಶೇ 3ರಿಂದ 5 ಹಾಕಬೇಕಾಗುತ್ತದೆ. ಅಷ್ಟು ಹಾಕಿದಾಗ ಕರಗಿದ ಪ್ಲಾಸ್ಟಿಕ್ ದಪ್ಪಗಾಗುತ್ತದೆ, ಪದರಕ್ಕೆ ಪದರ ಸರಿಯಾಗಿ ಬೆಸೆಯುವುದಿಲ್ಲ, ಪೀಸು ಪೆಡಸಾಗುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಬಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಟ್ಯೂಬ್‌ಗಳು ಪ್ಲಾಸ್ಟಿಕ್ಕನ್ನು ಬಿಟ್ಟು ತಮ್ಮತಮ್ಮಲ್ಲೇ ಅಂಟಿಕೊಂಡು ಉಂಡೆಗಟ್ಟುತ್ತವೆ. ಎಳೆದಾಗ ಪೀಸು ಮುರಿಯುವುದು ಆ ಉಂಡೆಯಿಂದಲೇ.

ಮೊದಲ ಸಲಕ್ಕೆ ನನ್ನ ಸಲಹೆ ಮೂರೇ ಬ್ಯಾಚ್: 0, 0.5, 1. ಸೊನ್ನೆಯ ಬ್ಯಾಚ್ ಬಿಡಲೇಬೇಡಿ. ಅಂಗಡಿಯಿಂದ ತಂದ ರೆಡಿ ಫಿಲಮೆಂಟ್ ಸೊನ್ನೆ ಬ್ಯಾಚ್ ಅಲ್ಲ. ನಿಮ್ಮದೇ ಪೆಲೆಟ್, ನಿಮ್ಮದೇ ಓವನ್, ನಿಮ್ಮದೇ ಎಕ್ಸ್‌ಟ್ರೂಡರ್‌ನಲ್ಲಿ ಅಷ್ಟೇ ಸಲ ಹಾದುಬಂದ ಸಾದಾ ಪಿಎಲ್‌ಎ ಮಾತ್ರ ಹೋಲಿಕೆಗೆ ಬರುತ್ತದೆ.

ಹಂತ 2: ಪೌಡರ್ ತರಬೇಡಿ, ಮಾಸ್ಟರ್‌ಬ್ಯಾಚ್ ತನ್ನಿ

ಮಾಸ್ಟರ್‌ಬ್ಯಾಚ್ ಅಂದರೆ ದೊಡ್ಡ ಕಾರ್ಖಾನೆಯ ಎರಡು ತಿರುಪಿನ ಯಂತ್ರದಲ್ಲಿ ಆಗಲೇ ಶೇ 10–20ರಷ್ಟು ನ್ಯಾನೋಟ್ಯೂಬ್ ಅರೆದು ಸೇರಿಸಿಟ್ಟ ಕಪ್ಪು ಪೆಲೆಟ್. ನೀವು ಮಾಡಬೇಕಾದ್ದು ಅದನ್ನು ಸಾದಾ ಪೆಲೆಟ್ ಜತೆ ಸೇರಿಸಿ ತೆಳುವಾಗಿಸುವುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಎರಡು ಕಾರಣ. ಮೊದಲನೆಯದು ಗಂಟು. ಮುದ್ದೆ ತಿರುವಿದವರಿಗೆ ಇದು ಗೊತ್ತು. ಹಿಟ್ಟು ಗಂಟಾದ ಮೇಲೆ ಎಸರಿನಲ್ಲಿ ಕೋಲು ಎಷ್ಟು ಸುತ್ತು ಆಡಿಸಿದರೂ ಗಂಟು ಸುಮ್ಮನೆ ಜತೆಗೇ ಸುತ್ತುತ್ತದೆ, ಒಡೆದು ನೋಡಿದರೆ ಒಳಗೆ ಒಣ ಹಿಟ್ಟು ಹಾಗೇ ಇರುತ್ತದೆ. ಕೋಲನ್ನು ಪಾತ್ರೆಯ ಗೋಡೆಗೆ ಒತ್ತಿ ತಿಕ್ಕಿದಾಗ ಮಾತ್ರ ಅದು ಒಡೆಯುವುದು. ನ್ಯಾನೋಟ್ಯೂಬ್‌ನದೂ ಅದೇ ಕತೆ. ಅಡ್ಡಗಲ ಹತ್ತಿಪ್ಪತ್ತು ನ್ಯಾನೋಮೀಟರ್, ಉದ್ದ ಮೈಕ್ರಾನ್ ಲೆಕ್ಕದಲ್ಲಿ. ಇಷ್ಟು ಸಣ್ಣ ವಸ್ತುಗಳ ನಡುವೆ ವಾನ್ ಡರ್ ವಾಲ್ಸ್ ಸೆಳೆತ ಜೋರು, ಒಂದಕ್ಕೊಂದು ಸುತ್ತಿಕೊಂಡು ಕೂತಿರುತ್ತವೆ. ಎರಡು ತಿರುಪಿನ ಯಂತ್ರ ಅವನ್ನು ಗೋಡೆಗೆ ಒತ್ತಿ ತಿಕ್ಕುತ್ತದೆ. ಟೇಬಲ್ ಮೇಲಿನ ಒಂದೇ ತಿರುಪಿನ ಎಕ್ಸ್‌ಟ್ರೂಡರ್ ಹೆಚ್ಚುಕಮ್ಮಿ ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಪೌಡರ್ ಅದರಲ್ಲಿ ಹಾಕಿದರೆ ಗಂಟು ಗಂಟಾಗಿಯೇ ಹೊರಬರುತ್ತದೆ.

ಎರಡನೆಯದು ನಿಮ್ಮ ಶ್ವಾಸಕೋಶ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ 2013ರಲ್ಲಿ ನ್ಯಾನೋಟ್ಯೂಬ್ ಧೂಳಿಗೆ ಸೂಚಿಸಿದ ಮಿತಿ ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ, ಎಂಟು ಗಂಟೆಯ ಸರಾಸರಿ. ಹತ್ತಡಿ ಚಚ್ಚೌಕದ ಒಂದು ಕೋಣೆಯಲ್ಲಿ ಹೆಚ್ಚೆಂದರೆ 27–28 ಘನ ಮೀಟರ್ ಗಾಳಿ ಇರುತ್ತದೆ. ನಿಮ್ಮ ಪೌಡರ್ ಡಬ್ಬಿಯ 5 ಗ್ರಾಂ ಅಂದರೆ 50 ಲಕ್ಷ ಮೈಕ್ರೋಗ್ರಾಂ. ಬಹುಪದರದ ಟ್ಯೂಬ್‌ಗಳ ಒಂದು ನಿರ್ದಿಷ್ಟ ಬಗೆಯನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 2014ರಲ್ಲಿ 'ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ' 2ಬಿ ಗುಂಪಿಗೆ ಸೇರಿಸಿತು.

ಹೋದ ಬೇಸಿಗೆಯಲ್ಲಿ ಮೂವರು ಹುಡುಗರು ಬಾಡಿಗೆ ರೂಮಿನಲ್ಲಿ, ಸೀಲಿಂಗ್ ಫ್ಯಾನ್ ತಿರುಗುತ್ತಿರುವಾಗಲೇ ಪೌಡರ್ ತೂಗಿದ್ದರು. ಮುಖಕ್ಕೆ ಕರ್ಚೀಫು. ತೂಕದಲ್ಲಿ 5 ಗ್ರಾಂ ಅಂದಾಗ ಚಿಟಿಕೆಯಷ್ಟು ಇರುತ್ತದೆ ಅಂದುಕೊಂಡಿದ್ದರಂತೆ. ಅದು ಮಂಡಕ್ಕಿ ಇದ್ದ ಹಾಗೆ. ತೂಕ ಇಲ್ಲ, ಚೀಲ ತುಂಬ ಇರುತ್ತದೆ. ಮುಚ್ಚಳ ತೆಗೆದದ್ದೇ ತಡ ಬಿಳಿ ಹಾಸಿಗೆಯ ಮೇಲೆಲ್ಲ ಮಸಿ. ಆ ಮಸಿ ವಿದ್ಯುತ್ ಹರಿಸುವಂಥದ್ದು ಬೇರೆ. ಪಕ್ಕದಲ್ಲೇ ತೆರೆದಿಟ್ಟಿದ್ದ ಪ್ರಿಂಟರ್ ಬೋರ್ಡ್ ಮೇಲೂ ಕೂತಿತ್ತು.

ಪೌಡರ್ ಬಿಟ್ಟು ಬೇರೆ ದಾರಿಯೇ ಇಲ್ಲವೆಂದರೆ ಕಾಲೇಜಿನ ಫ್ಯೂಮ್ ಹುಡ್ (ಆವಿ, ಧೂಳು ಹೊರಕ್ಕೆಳೆಯುವ ಪೆಟ್ಟಿಗೆ) ಒಳಗೆ, ಗೈಡ್ ಎದುರಿಗೆ ಮಾತ್ರ ತೆರೆಯಿರಿ. ಕ್ಲೋರೋಫಾರಂನಲ್ಲಿ ಪಿಎಲ್‌ಎ ಕರಗಿಸಿ, ಪ್ರೋಬ್ ಸೋನಿಕೇಟರ್‌ನಲ್ಲಿ (ಶಬ್ದದ ಅಲೆಯಿಂದ ದ್ರವ ಅಲುಗಿಸುವ ಕಡ್ಡಿ) ಟ್ಯೂಬ್ ಬಿಡಿಸುವ ವಿಧಾನ ಸಂಶೋಧನಾ ಪೇಪರ್‌ಗಳಲ್ಲಿ ಕಾಣುತ್ತದೆ. ಗಂಟು ಚೆನ್ನಾಗಿ ಬಿಡುತ್ತದೆ ನಿಜ. ಆದರೆ ಸೋನಿಕೇಟರ್ ಜಾಸ್ತಿ ಹೊತ್ತು ಬಿಟ್ಟರೆ ಟ್ಯೂಬ್‌ಗಳೇ ತುಂಡಾಗುತ್ತವೆ, ದ್ರಾವಣ ಕಾದು ಆವಿಯಾಗುತ್ತದೆ. ಐಸ್ ಮೇಲಿಟ್ಟು, ಐದು ಸೆಕೆಂಡ್ ಆನ್, ಐದು ಸೆಕೆಂಡ್ ಆಫ್ ಅನ್ನುವ ಹಾಗೆ ಬಿಟ್ಟು ಬಿಟ್ಟು ಓಡಿಸಬೇಕು. ಒಳಗೆ ಚೂರು ಕ್ಲೋರೋಫಾರಂ ಉಳಿದರೂ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ನಾಝಲ್‌ನಲ್ಲಿ ಗುಳ್ಳೆ ಏಳುತ್ತದೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ: ಮಾಸ್ಟರ್‌ಬ್ಯಾಚ್‌ನ ಮೂಲ ಪ್ಲಾಸ್ಟಿಕ್ ಯಾವುದು? ಪಾಲಿಎಥಿಲೀನ್ ಅಥವಾ ಪಾಲಿಕಾರ್ಬೊನೇಟ್ ಮೂಲದ್ದು ಅಗ್ಗಕ್ಕೆ ಸಿಕ್ಕಿತೆಂದು ತಂದವರಿದ್ದಾರೆ. ಪಿಎಲ್‌ಎ ಜತೆ ಅದು ಎಣ್ಣೆ–ನೀರಿನ ಹಾಗೆ ಬೇರೆಬೇರೆಯೇ ಉಳಿಯುತ್ತದೆ, ಫಿಲಮೆಂಟ್ ಪದರಪದರವಾಗಿ ಸೀಳುತ್ತದೆ. ಪಿಎಲ್‌ಎ ಮೂಲದ್ದೇ ಬೇಕು ಎಂದು ಬರೆದು ಕೇಳಿ, ಸುರಕ್ಷತಾ ಮಾಹಿತಿ ಹಾಳೆಯನ್ನೂ ತರಿಸಿಕೊಳ್ಳಿ. ಗ್ರಾಫೀನ್ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಆ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಎಷ್ಟೋ ಬರೀ ಸಣ್ಣಗೆ ಪುಡಿ ಮಾಡಿದ ಗ್ರಾಫೈಟ್.

ಹಂತ 3: ಒಣಗಿಸುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಬೇಸಿಗೆ ಬಿಸಿಲು ಇಷ್ಟಿದೆ, ಇನ್ನೇನು ಒಣಗಿಸುವುದು ಎನ್ನುತ್ತಾರೆ. ನಮ್ಮೂರಿನವರಿಗೆ ಮಂಡಕ್ಕಿಯ ಉದಾಹರಣೆಯೇ ಸಾಕು: ಡಬ್ಬಿ ಮುಚ್ಚಳ ಸಡಿಲ ಬಿಟ್ಟು ಒಂದು ಮಳೆ ಬಂದರೆ ಸಂಜೆಯೊಳಗೆ ಮೆತ್ತಗೆ. ಪಿಎಲ್‌ಎ ಕೂಡ ಗಾಳಿಯ ತೇವ ಹೀರುತ್ತದೆ, ಆದರೆ ಮೆತ್ತಗಾಗಿ ತೋರಿಸುವುದಿಲ್ಲ. ನೋಡಲು ಮುಟ್ಟಲು ಮೊದಲಿನ ಹಾಗೇ ಇರುತ್ತದೆ.

ಆ ತೇವ 180–200 ಡಿಗ್ರಿಯಲ್ಲಿ ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳನ್ನು ಕತ್ತರಿಸುತ್ತದೆ. ಫಿಲಮೆಂಟ್ ಒಣ ಕಡ್ಡಿಯ ಹಾಗೆ ಲಟ್ಟನೆ ಮುರಿಯುತ್ತದೆ. ಹುಡುಗರು ನ್ಯಾನೋಟ್ಯೂಬ್ ಹಾಕಿದ್ದಕ್ಕೆ ಬಲ ಕಡಿಮೆ ಆಯಿತು ಎಂದು ವರದಿ ಬರೆಯುತ್ತಾರೆ. ಪಾಪ, ಟ್ಯೂಬ್‌ನ ತಪ್ಪೇನೂ ಇರುವುದಿಲ್ಲ.

ಎಕ್ಸ್‌ಟ್ರೂಡರ್‌ಗೆ ಹೋಗುವ ಪಿಎಲ್‌ಎಯಲ್ಲಿ ತೇವ 250 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 250 ಪಾಲು) ಕಡಿಮೆ ಇರಬೇಕು. ಅರ್ಧ ಕಿಲೋ ಪೆಲೆಟ್‌ನಲ್ಲಿ 0.125 ಗ್ರಾಂ ನೀರು, ಅಷ್ಟೇ. ಅದಕ್ಕೇ 0.01 ಗ್ರಾಂ ತಕ್ಕಡಿ ಬೇಕು ಅಂದದ್ದು.

ಪೆಲೆಟ್ ಎರಡು ತರಹ ಬರುತ್ತದೆ. ಹಾಲಿನ ಬಣ್ಣದ, ಬೆಳಕು ದಾಟದ ಸ್ಫಟಿಕ ರೂಪದ್ದನ್ನು 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಡಬಹುದು. ಗಾಜಿನ ಹಾಗೆ ಪಾರದರ್ಶಕವಾಗಿರುವುದನ್ನು 45–50 ದಾಟಿಸಬೇಡಿ, ಬದಲಿಗೆ ಎಂಟು ಗಂಟೆಯಾದರೂ ಇಡಿ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗಲು ಶುರು. ಪಾರದರ್ಶಕ ಪೆಲೆಟ್‌ಗೆ 70 ಕೊಟ್ಟರೆ ಬೆಲ್ಲದ ಅಚ್ಚಿನ ಹಾಗೆ ಒಂದೇ ಮುದ್ದೆಯಾಗಿ ತಟ್ಟೆಗೆ ಅಂಟುತ್ತದೆ. ತಟ್ಟೆಯಲ್ಲಿ ತೆಳುವಾಗಿ ಹರಡಿ, ರಾಶಿ ಹಾಕಬೇಡಿ. ಮಾಸ್ಟರ್‌ಬ್ಯಾಚ್ ಪೆಲೆಟ್ಟನ್ನೂ ಒಣಗಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಗಂಟೆಗೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಬಿಸಿ ಇರುವಾಗಲೇ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸುರಿಯಿರಿ. ಆರಲಿ ಎಂದು ರಾತ್ರಿಯಿಡೀ ತೆರೆದಿಟ್ಟರೆ ಇಡೀ ಹಂತ ಮತ್ತೆ ಮೊದಲಿನಿಂದ.

ಹಂತ 4: ತೂಕ ಹಾಕಿ ಸೇರಿಸುವುದು

ಲೆಕ್ಕ ಸುಲಭ, ಆದರೂ ತಪ್ಪುತ್ತಾರೆ. ಒಟ್ಟು 500 ಗ್ರಾಂನಲ್ಲಿ ಶೇ 1 ಅಂದರೆ 5 ಗ್ರಾಂ ನ್ಯಾನೋಟ್ಯೂಬ್. ಮಾಸ್ಟರ್‌ಬ್ಯಾಚ್‌ನಲ್ಲಿ ಶೇ 15 ಇದ್ದರೆ 5 ಭಾಗಿಸು 0.15, ಬಂತು 33.3 ಗ್ರಾಂ. ಉಳಿದ 466.7 ಗ್ರಾಂ ಸಾದಾ ಪೆಲೆಟ್. 500 ಗ್ರಾಂ ಸಾದಾ ಪೆಲೆಟ್‌ಗೆ 5 ಗ್ರಾಂ ಮಾಸ್ಟರ್‌ಬ್ಯಾಚ್ ಹಾಕಿ ಶೇ 1 ಎಂದು ಬರೆದುಕೊಂಡು ಬಂದ ತಂಡವನ್ನು ನೋಡಿದ್ದೇನೆ. ಅವರ ಫಿಲಮೆಂಟ್‌ನಲ್ಲಿ ಇದ್ದದ್ದು ಶೇ 0.15.

467 ಗ್ರಾಂ ಸಾದಾ ಪೆಲೆಟ್ ಮೇಲೆ 33 ಗ್ರಾಂ ಕಪ್ಪು ಪೆಲೆಟ್ ಸುರಿದು ಡಬ್ಬಿ ಕುಲುಕಿ ಎಕ್ಸ್‌ಟ್ರೂಡರ್‌ನ ಹಾಪರ್‌ಗೆ (ಪೆಲೆಟ್ ಸುರಿಯುವ ಆಲಿಕೆ) ಹಾಕಿದರೆ ಭಾರ, ಗಾತ್ರದ ಸಣ್ಣ ವ್ಯತ್ಯಾಸಕ್ಕೇ ಎರಡೂ ಬೇರ್ಪಡುತ್ತವೆ. ಹತ್ತು ಪಾಲು ಮಾಡಿ. ಪ್ರತಿ ಪಾಲಿಗೂ 46.7 ಗ್ರಾಂ ಬಿಳಿ, 3.3 ಗ್ರಾಂ ಕಪ್ಪು ಬೇರೆಬೇರೆ ತೂಗಿ, ಸೇರಿಸಿ, ಒಂದೊಂದೇ ಪಾಲು ಹಾಪರ್‌ಗೆ ಹಾಕುತ್ತ ಹೋಗಿ. ಬೇಸರದ ಕೆಲಸ. ಆದರೆ ಮೊದಲ ಮೀಟರೂ ಕೊನೆಯ ಮೀಟರೂ ಒಂದೇ ಆಗಬೇಕೆಂದರೆ ಇದೇ ದಾರಿ.

ಹಂತ 5: ಫಿಲಮೆಂಟ್ ಎಳೆಯುವುದು

ಮೊದಲು ಸಾದಾ ಪಿಎಲ್‌ಎ. ಮೊದಲು ಕಪ್ಪು ಹಾಕಿದರೆ ಬ್ಯಾರೆಲ್ (ತಿರುಪು ತಿರುಗುವ ಬಿಸಿ ಕೊಳವೆ) ತೊಳೆಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಸೊನ್ನೆ, ಆಮೇಲೆ 0.5, ಆಮೇಲೆ 1; ಈ ಏರಿಕೆಯ ಕ್ರಮ ತಪ್ಪಿಸಬೇಡಿ.

ಬ್ಯಾರೆಲ್ 175–190 ಡಿಗ್ರಿಯ ನಡುವೆ ಶುರುಮಾಡಿ, ಹಾಪರ್ ಕೆಳಗಿನ ಭಾಗ ತಣ್ಣಗಿರಲಿ. ಅಲ್ಲಿ ಬಿಸಿ ಏರಿದರೆ ಪೆಲೆಟ್ ಬಾಯಲ್ಲೇ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಂಡು ಕಮಾನು ಕಟ್ಟುತ್ತದೆ, ಕೆಳಗೆ ತಿರುಪು ಖಾಲಿ ತಿರುಗುತ್ತದೆ. ಮೋಟರ್ ಸದ್ದು ಇದ್ದಕ್ಕಿದ್ದಂತೆ ಹಗುರಾದರೆ ಇದೇ ಆಗಿದೆ ಎಂದು ತಿಳಿಯಿರಿ.

ವ್ಯಾಸ 1.75 ಮಿ.ಮೀ., ಹೆಚ್ಚುಕಡಿಮೆ 0.05. ಪ್ರತಿ ಮೀಟರ್‌ಗೂ ಕ್ಯಾಲಿಪರ್ ಹಿಡಿದು ಎರಡು ಕಡೆಯಿಂದ ಅಳೆಯಿರಿ. ಒಂದೇ ಕಡೆ ಅಳೆದರೆ ಚಪ್ಪಟೆಯಾಗಿರುವುದು ಗೊತ್ತಾಗುವುದಿಲ್ಲ. 0.1 ಮಿ.ಮೀ. ಅಂದರೆ ಏನು ಮಹಾ ಅನ್ನಿಸಬಹುದು. 1.75ರ ಜಾಗದಲ್ಲಿ 1.65 ಬಂದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ 11ರಷ್ಟು ಕಡಿಮೆ. ಅಷ್ಟು ಪ್ಲಾಸ್ಟಿಕ್ ಕಡಿಮೆ ಬಿದ್ದು ಪ್ರಿಂಟ್ ಒಳಗೆ ಸಂದು ಉಳಿಯುತ್ತದೆ. 1.9 ದಾಟಿದರೆ ಪ್ರಿಂಟರ್‌ಗೆ ಫಿಲಮೆಂಟ್ ಸಾಗುವ ಟ್ಯೂಬಿನಲ್ಲೇ ಸಿಕ್ಕಿಕೊಳ್ಳುತ್ತದೆ. ವ್ಯಾಸ ಕುಣಿಯುತ್ತಿದ್ದರೆ ಮೊದಲು ಎಳೆಯುವ ರೋಲರ್ ವೇಗ, ತಣಿಸುವ ಫ್ಯಾನಿನ ಗಾಳಿ ನೋಡಿ. ತಾಪಮಾನಕ್ಕೆ ಕೈ ಹಾಕುವುದು ಕೊನೆಗೆ.

ಒಂದೇ ತಿರುಪಿನ ಯಂತ್ರದಲ್ಲಿ ಒಂದು ಸಲಕ್ಕೆ ಮಾಸ್ಟರ್‌ಬ್ಯಾಚ್ ಪೂರ್ತಿ ಹರಡುವುದಿಲ್ಲ. ಬಂದ ಫಿಲಮೆಂಟ್ ಕತ್ತರಿಸಿ, ಮತ್ತೆ ಒಣಗಿಸಿ, ಇನ್ನೊಮ್ಮೆ ಹಾಕಿ. ಮೂರನೇ ಸಲ ಬೇಡ, ಪ್ರತಿ ಸಲವೂ ಪಿಎಲ್‌ಎ ಸ್ವಲ್ಪ ಸ್ವಲ್ಪ ಹಳಸುತ್ತದೆ. ಸೊನ್ನೆ ಬ್ಯಾಚನ್ನೂ ಎರಡು ಸಲವೇ ಹಾಯಿಸಬೇಕು ಎಂಬುದು ನೆನಪಿರಲಿ.

ಮಧ್ಯೆ ಕರೆಂಟ್ ಹೋದರೆ? ಬ್ಯಾರೆಲ್‌ನಲ್ಲಿ ಬಿಸಿಯಲ್ಲೇ ಕೂತ ಪ್ಲಾಸ್ಟಿಕ್ ಹಾಳಾಗಿರುತ್ತದೆ. ಕರೆಂಟ್ ಬಂದ ಮೇಲೆ ಬ್ಯಾರೆಲ್ ಪೂರ್ತಿ ಬಿಸಿಯಾಗುವವರೆಗೆ ತಿರುಪು ತಿರುಗಿಸಬೇಡಿ. ಆಮೇಲೆ ಬರುವ ಮೊದಲ ನಾಲ್ಕೈದು ಮೀಟರ್ ಎಸೆದು, ಯಾವ ಜಾಗದಲ್ಲಿ ಹೀಗಾಯಿತೆಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿ.

ಹಂತ 6: ಗಂಟು ನೋಡುವ ಪರೀಕ್ಷೆ

ಇದನ್ನು ಮಾಡದೆ ಪ್ರಿಂಟರ್ ಮುಟ್ಟಬೇಡಿ. ಹತ್ತು ನಿಮಿಷದ ಕೆಲಸ, ಖರ್ಚು ಎರಡು ಸ್ಲೈಡ್.

ಫಿಲಮೆಂಟ್‌ನಿಂದ ಸಾಸಿವೆ ಕಾಳಿಗಿಂತ ಚಿಕ್ಕ ಚೂರು ಕತ್ತರಿಸಿ. 190 ಡಿಗ್ರಿ ಹಾಟ್‌ಪ್ಲೇಟ್ ಮೇಲೆ ಒಂದು ಸ್ಲೈಡ್ ಇಟ್ಟು ಅದರ ಮೇಲೆ ಚೂರು ಇಡಿ. ಒಂದು ನಿಮಿಷದಲ್ಲಿ ಹೊಳಪು ಬಂದು ಅಂಚು ದುಂಡಗಾಗುತ್ತದೆ. ಆಗ ಇನ್ನೊಂದು ಸ್ಲೈಡ್ ಮೇಲಿಟ್ಟು, ಚಪ್ಪಟೆ ತಳದ ಭಾರವಾದ ಕಬ್ಬಿಣದ ತುಂಡಿನಿಂದ ನೇರವಾಗಿ ಒತ್ತಿ. ಕಪ್ಪು ಚೂರು ಹರಡುತ್ತ ಹರಡುತ್ತ ಬೂದು ಬಣ್ಣಕ್ಕೆ ಬರುತ್ತದೆ. ಟ್ಯೂಬ್‌ಲೈಟಿಗೆ ಹಿಡಿದರೆ ಬೆಳಕು ದಾಟಬೇಕು, ಅಷ್ಟು ತೆಳು. ತಣ್ಣಗಾದ ಮೇಲೆ ಸೂಕ್ಷ್ಮದರ್ಶಕದ ಕೆಳಗಿನ ಬೆಳಕು ಹಚ್ಚಿ ನೋಡಿ.

ಚೆನ್ನಾಗಿ ಹರಡಿದ್ದರೆ ಎಲ್ಲ ಕಡೆ ಒಂದೇ ಬೂದು, ಅಲ್ಲಲ್ಲಿ ಸಣ್ಣ ಚುಕ್ಕಿ. ಕೆಟ್ಟಿದ್ದರೆ ತಿಳಿ ಹಿನ್ನೆಲೆಯಲ್ಲಿ ದಟ್ಟ ಕಪ್ಪು ದ್ವೀಪಗಳು. ನ್ಯಾನೋಟ್ಯೂಬ್ ಒಂದೊಂದಾಗಿ ಈ ಸೂಕ್ಷ್ಮದರ್ಶಕಕ್ಕೆ ಕಾಣುವುದೇ ಇಲ್ಲ, ಕಾಣುತ್ತಿರುವುದೆಲ್ಲ ಗಂಟೇ. ಸ್ಕೇಲ್ ಇದ್ದರೆ ಅಳೆಯಿರಿ. ನೂರು ಮೈಕ್ರಾನ್ (0.1 ಮಿ.ಮೀ.) ದಾಟಿದ ದ್ವೀಪ ಕಂಡರೆ ಆ ಬ್ಯಾಚ್ 0.4 ಮಿ.ಮೀ. ನಾಝಲ್‌ನಲ್ಲಿ ಹೋಗುತ್ತದೆ ಅನ್ನುವ ಆಸೆ ಬಿಡಿ. ಅಂಥ ನಾಲ್ಕು ಒಟ್ಟಿಗೆ ಬಾಯಿಗೆ ಬಂದರೆ ಮುಗಿಯಿತು.

ಸುರುಳಿಯ ಶುರು, ನಡು, ಕೊನೆ, ಮೂರು ಕಡೆಯಿಂದ ಚೂರು ತೆಗೆಯಿರಿ. ಮೂರರ ಬೂದು ಬಣ್ಣ ಬೇರೆಬೇರೆ ಇದ್ದರೆ ತಪ್ಪಾಗಿರುವುದು ನಾಲ್ಕನೇ ಹಂತದಲ್ಲಿ. ಬಣ್ಣ ಒಂದೇ, ದ್ವೀಪ ಮಾತ್ರ ಜಾಸ್ತಿ ಅಂದರೆ ಐದನೇ ಹಂತಕ್ಕೆ ಹಿಂತಿರುಗಿ.

ಹಂತ 7: ಪ್ರಿಂಟ್

ಇಷ್ಟು ಮಾಡಿ ಬಂದಿದ್ದರೆ ಇದು ಸುಲಭ. ಫಿಲಮೆಂಟನ್ನು ಪ್ರಿಂಟಿಗೆ ಮೊದಲು ಮತ್ತೆ 45–50 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ. ಸುರುಳಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಬಿಟ್ಟು ಊಟಕ್ಕೆ ಹೋಗಬೇಡಿ, ಎಳೆಗಳು ಒಂದಕ್ಕೊಂದು ಅಂಟಿರುತ್ತವೆ.

0.6 ನಾಝಲ್, 0.3 ಮಿ.ಮೀ. ಪದರ, ವೇಗ ಸೆಕೆಂಡಿಗೆ 30–40 ಮಿ.ಮೀ. ಸಾದಾ ಪಿಎಲ್‌ಎಗೆ 205 ಡಿಗ್ರಿ ಇಟ್ಟಿದ್ದರೆ ಇದಕ್ಕೆ 215ರಿಂದ ಶುರುಮಾಡಿ. ಗಟ್ಟಿ ಉಕ್ಕಿನ ನಾಝಲ್ ಹಿತ್ತಾಳೆಯಷ್ಟು ಶಾಖ ಸಾಗಿಸುವುದಿಲ್ಲ, ಅದಕ್ಕೊಂದು 5 ಡಿಗ್ರಿ ಸೇರಿಸಿ. ಹೋಲಿಕೆಗೆ ಪ್ರಿಂಟ್ ಮಾಡುವ ಸೊನ್ನೆ ಬ್ಯಾಚ್‌ಗೂ ಇದೇ ನಾಝಲ್, ಇದೇ ವೇಗ. ರಿಟ್ರಾಕ್ಷನ್ (ನಡುನಡುವೆ ಫಿಲಮೆಂಟ್ ಹಿಂದಕ್ಕೆಳೆಯುವುದು) ಕಡಿಮೆ ಮಾಡಿ. ದಪ್ಪಗಿನ ಪ್ಲಾಸ್ಟಿಕ್ಕನ್ನು ಹಿಂದೆ ಮುಂದೆ ಎಳೆದಾಡಿದರೆ ಗಂಟು ಬಾಯಲ್ಲಿ ಸೇರುತ್ತದೆ. ನ್ಯಾನೋ ಸಿಲಿಕಾ, ಅಲ್ಯುಮಿನಾ ಬಳಸುವವರಿಗೆ ಉಕ್ಕಿನ ನಾಝಲ್ ಕಡ್ಡಾಯ, ಹಿತ್ತಾಳೆಯ ಬಾಯಿ ಸವೆದು ಅಗಲವಾಗುತ್ತದೆ.

ಕಿವಿ ತೆರೆದಿಡಿ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಬಂದರೆ ತೇವ ಇದೆ, ನಿಲ್ಲಿಸಿ ಒಣಗಿಸಿ. ಪ್ರಿಂಟರ್‌ನಲ್ಲಿ ಫಿಲಮೆಂಟ್ ತಳ್ಳುವ ಮೋಟರ್ ಟಕ್ ಟಕ್ ಎಂದು ಹಿಂದಕ್ಕೆ ಜಿಗಿದರೆ ಬಾಯಿ ಕಟ್ಟುತ್ತಿದೆ, ಐದು ಡಿಗ್ರಿ ಏರಿಸಿ, ವೇಗ ಇಳಿಸಿ ನೋಡಿ. ಎರಡನೇ ಸಲವೂ ಜಿಗಿದರೆ ಪ್ರಿಂಟ್ ರದ್ದು. ಒತ್ತಿ ಒತ್ತಿ ಮುಂದುವರಿಸಿದರೆ ಹಾಟೆಂಡ್ (ಫಿಲಮೆಂಟ್ ಕರಗಿಸುವ ಭಾಗ) ಪೂರ್ತಿ ಬಿಚ್ಚಬೇಕಾಗುತ್ತದೆ.

ಮೊದಲ ಪ್ರಿಂಟ್ 20 ಮಿ.ಮೀ. ಘನ, ಪೂರ್ತಿ ತುಂಬಿದ್ದು. 8 ಘನ ಸೆಂ.ಮೀ.; ಪಿಎಲ್‌ಎ ಸಾಂದ್ರತೆ 1.24, ಅಂದರೆ 9.92 ಗ್ರಾಂ ಬರಬೇಕು. ಶೇ 1 ನ್ಯಾನೋಟ್ಯೂಬ್ ಸೇರಿದರೂ ಈ ಲೆಕ್ಕ ಅಷ್ಟಾಗಿ ಬದಲಾಗುವುದಿಲ್ಲ. ಕ್ಯಾಲಿಪರ್‌ನಲ್ಲಿ ಅಳತೆ ಸರಿಯಿದ್ದೂ ತಕ್ಕಡಿ 9.3 ತೋರಿಸಿದರೆ ಒಳಗೆ ಶೇ 6ರಷ್ಟು ಗಾಳಿ ಇದೆ. ಫ್ಲೋ (ಪ್ರಿಂಟರ್ ಬಿಡುವ ಪ್ಲಾಸ್ಟಿಕ್ಕಿನ ಪ್ರಮಾಣ) ಹೊಂದಿಸಿ 9.8ರ ಮೇಲೆ ಬರುವವರೆಗೆ ಪರೀಕ್ಷೆಯ ಪೀಸು ಪ್ರಿಂಟ್ ಮಾಡಬೇಡಿ.

ಆದ ಪೀಸನ್ನು ಒಣಗಿದ್ದಾಗ ಉಜ್ಜಬೇಡಿ. ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡ ಟ್ಯೂಬ್ ಸುಮ್ಮನಿರುತ್ತದೆ, ಸ್ಯಾಂಡ್‌ಪೇಪರ್ ಹಾಕಿದರೆ ಧೂಳಾಗಿ ಏಳುತ್ತದೆ. ನೀರು ಹಾಕಿಕೊಂಡು ಉಜ್ಜಿ, ಕೆಳಗೆ ಬಟ್ಟೆ ಹಾಸಿ.

ಹಂತ 8: ಅಳೆಯುವುದು

ಬಲಕ್ಕೆ ಎಎಸ್‌ಟಿಎಂ ಡಿ638 ಅಥವಾ ಐಎಸ್‌ಒ 527 (ಎಳೆತ ಪರೀಕ್ಷೆಯ ಮಾನದಂಡಗಳು) ಮಾದರಿಯ ಪೀಸು, ಪ್ರತಿ ಬ್ಯಾಚ್‌ಗೆ ಕನಿಷ್ಠ ಐದು. ಎಲ್ಲವೂ ಬೆಡ್ ಮೇಲೆ ಒಂದೇ ದಿಕ್ಕಿನಲ್ಲಿ ಮಲಗಿರಬೇಕು. ಒಂದೊಂದೇ ಪೀಸು ಎಳೆದು ಶೇ 30 ಹೆಚ್ಚಾಯಿತು ಎಂದು ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಬೀಳುತ್ತೀರಿ. ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿದ ಒಂದು ಸೆಟ್ಟನ್ನೂ ಎಳೆದು ನೋಡಿ. ಪದರಗಳ ಬೆಸುಗೆ ಸೋತಿದ್ದರೆ ಮಲಗಿದ ಪೀಸು ಅದನ್ನು ಮುಚ್ಚಿಡುತ್ತದೆ.

ವಿದ್ಯುತ್ತಿಗೆ 10 ಸೆಂ.ಮೀ. ಫಿಲಮೆಂಟ್ ಕತ್ತರಿಸಿ, ಎರಡೂ ತುದಿಗೆ ಸಿಲ್ವರ್ ಪೇಸ್ಟ್ ಹಚ್ಚಿ. ಮಲ್ಟಿಮೀಟರ್ ಮುಳ್ಳನ್ನು ನೇರ ಮೈಗೆ ಚುಚ್ಚಿದರೆ ಹೊರಪದರದ ಪ್ಲಾಸ್ಟಿಕ್ಕೇ ಅಡ್ಡ ಬರುತ್ತದೆ. 1.75ರ ಫಿಲಮೆಂಟಿನ ಅಡ್ಡಕೊಯ್ತ 0.024 ಚದರ ಸೆಂ.ಮೀ.; 50 ಕಿಲೋಓಮ್ ತೋರಿಸಿದರೆ ನಿರೋಧಕತೆ ಸುಮಾರು 120 ಓಮ್-ಸೆಂ.ಮೀ. ಪ್ರಿಂಟ್ ಆದ ಪೀಸಿನಲ್ಲಿ ಅದು ಹೆಚ್ಚಾಗಿಯೇ ಇರುತ್ತದೆ, ಎಳೆಯ ಉದ್ದಕ್ಕೆ ಒಂದು, ಪದರ ದಾಟಿ ಇನ್ನೊಂದು. ಎರಡನ್ನೂ ಬರೆಯಿರಿ.

ಮೆಲ್ಟ್ ಫ್ಲೋ (ಕರಗಿದ ಪ್ಲಾಸ್ಟಿಕ್ ಎಷ್ಟು ಸರಾಗ ಹರಿಯುತ್ತದೆ ಎಂಬುದು), ಎಳೆತ ಪರೀಕ್ಷೆ ಕಾಲೇಜಿನಲ್ಲಿ ಆಗದಿದ್ದರೆ ಮೈಸೂರಿನ ಸಿಪೆಟ್‌ನಲ್ಲಿ (ಕೇಂದ್ರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ವಿಚಾರಿಸಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ರಾಮನ್ ಪರೀಕ್ಷೆ (ಬೆಳಕಿನಿಂದ ವಸ್ತುವಿನ ಗುರುತು ಹಿಡಿಯುವುದು) ಬೇಕಿದ್ದರೆ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಿ ಸ್ಲಾಟ್ ಕೇಳಬಹುದು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾದರೆ ಇಲ್ಲಿಂದ ಸುಮಾರು 260 ಕಿ.ಮೀ.; ಸ್ಲೈಡ್ ಪರೀಕ್ಷೆಯಲ್ಲೇ ಬಿದ್ದ ಬ್ಯಾಚನ್ನು ಹೊತ್ತುಕೊಂಡು ಅಷ್ಟು ದೂರ ಹೋಗಬೇಡಿ.

ರೆಸಿನ್ ಪ್ರಿಂಟರ್ ಇರುವವರಿಗೆ

ಇಲ್ಲಿ ಶತ್ರು ಬೇರೆ: ಬೆಳಕು. ಈ ಪ್ರಿಂಟರ್ ಬಿಡುವ 405 ನ್ಯಾನೋಮೀಟರ್ ಬೆಳಕನ್ನು ಕಾರ್ಬನ್ ನ್ಯಾನೋಟ್ಯೂಬ್ ಹೀರಿಬಿಡುತ್ತದೆ, ರೆಸಿನ್ ಆಳಕ್ಕೆ ಗಟ್ಟಿಯಾಗುವುದಿಲ್ಲ. ಶೇ 0.1ರಿಂದ ಶುರುಮಾಡಿ. ಪ್ರಿಂಟರ್‌ನ ಎಲ್‌ಸಿಡಿ ಪರದೆ ಮೇಲೆ ಗಾಜಿನ ಪಟ್ಟಿ ಇಟ್ಟು, ಅದರ ಮೇಲೆ ಒಂದು ತೊಟ್ಟು ರೆಸಿನ್ ಹಾಕಿ 5, 10, 20 ಸೆಕೆಂಡ್ ಬೆಳಕು ಬಿಟ್ಟು, ಗಟ್ಟಿಯಾದ ಪದರದ ದಪ್ಪ ಅಳೆಯಿರಿ. ನಿಮ್ಮ ಪದರ 50 ಮೈಕ್ರಾನ್ ಇದ್ದರೆ ಗಟ್ಟಿಯಾಗುವ ಆಳ ಅದರ ಎರಡರಷ್ಟಾದರೂ ಬರಬೇಕು.

ನ್ಯಾನೋ ಸಿಲಿಕಾ ಬೆಳಕನ್ನು ಅಷ್ಟು ತಡೆಯುವುದಿಲ್ಲ, ಆದರೆ ದಪ್ಪ ಮಾಡುತ್ತದೆ. ಫ್ಯೂಮ್ಡ್ ಸಿಲಿಕಾದ ಒಂದು ಗ್ರಾಂಗೆ 200 ಚದರ ಮೀಟರ್‌ನಷ್ಟು ಮೈ ಇರುತ್ತದೆ. ಆ ಮೈಗೆಲ್ಲ ರೆಸಿನ್ ಅಂಟಿ, ಹರಿಯುವುದು ಬಿಟ್ಟು ಗಂಜಿಯಾಗುತ್ತದೆ. ಚಮಚದಿಂದ ಎತ್ತಿ ಬಿಟ್ಟಾಗ ದಾರದಂತೆ ಇಳಿಯದೆ ಮುದ್ದೆಮುದ್ದೆ ಬಿದ್ದರೆ ಪ್ರಿಂಟ್ ಆಗುವುದಿಲ್ಲ.

ಕೆಲಸ ಮುಗಿದ ಮೇಲೆ

ಪೊರಕೆ ಹಿಡಿಯಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ. ಅದು ಮುಂದೆ ಎಳೆದದ್ದನ್ನು ಹಿಂದಿನಿಂದ ಗಾಳಿಗೆ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗ್ಲೌಸ್ ಸಮೇತ ಎರಡು ಕವರ್‌ನಲ್ಲಿ ಕಟ್ಟಿ, ಹೆಸರು ಬರೆದು ಕಾಲೇಜಿನ ರಾಸಾಯನಿಕ ಕಸದ ಲೆಕ್ಕಕ್ಕೆ ಸೇರಿಸಿ. ಬಚ್ಚಲಿಗೂ ಇಲ್ಲ, ಹಿತ್ತಲಿನ ಬೆಂಕಿಗೂ ಇಲ್ಲ.

ಎಕ್ಸ್‌ಟ್ರೂಡರ್, ಪ್ರಿಂಟರ್ ಎರಡಕ್ಕೂ ಬಿಳಿ ಪಿಎಲ್‌ಎ ಹಾಕಿ, ಬರುವ ಎಳೆ ಬಿಳಿಯಾಗುವವರೆಗೆ ಬಿಡಿ. ಮೊದಲು ಕಪ್ಪು, ಆಮೇಲೆ ಬೂದು, ಆಮೇಲೆ ಬಿಳಿ ನಡುವೆ ಕಪ್ಪು ಗೆರೆ. ಗೆರೆ ನಿಂತಿತು ಅನ್ನಿಸಿದ ಮೇಲೂ ಇನ್ನೊಂದು ಮೀಟರ್ ಹೋಗಲಿ. ನ್ಯಾನೋಟ್ಯೂಬ್ ಕಂಡ ನಾಝಲ್‌ಗೆ ಬೇರೆ ಕೆಲಸ ಕೊಡಬೇಡಿ. ನನ್ನ ಡ್ರಾಯರ್‌ನಲ್ಲಿ ಅವಕ್ಕೆ ಬೇರೆ ಡಬ್ಬಿ ಇದೆ, ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ "ಕರಿಯವು" ಎಂದು ಬರೆದಿದೆ.